ಕತ್ತಲೆ ಕೋಣೆಯಲ್ಲಿ ಕಂಡ ಹುಳುಕಡ್ಡಿ

ವೈದ್ಯರು ಕಿಟಕಿಗೆ ಕರಿ ಪರದೆ ಎಳೆದು, ಲೈಟ್ ಆರಿಸಿ, ಹುಡುಗನ ತಲೆಯ ಮೇಲೆ ಪುಟ್ಟ ದೀಪವೊಂದನ್ನು ಹಿಡಿದರು. ಶಿವಮೊಗ್ಗ ಕಡೆಯ ಚರ್ಮರೋಗ ಕ್ಲಿನಿಕ್ ಅದು. ಹಗಲಲ್ಲಿ ಬರೀ ಹೊಟ್ಟೆದ್ದ ಬೋಳು ಜಾಗ ಅನ್ನಿಸಿದ್ದ ಕಡೆ ಮೋಟು ಕೂದಲುಗಳೆಲ್ಲ ಎಳೆ ಬಾಳೆಸುಳಿಯ ಹಸಿರಿನಲ್ಲಿ ಹೊಳೆದವು.

"ಮನೇಲಿ ಬೆಕ್ಕಿನ ಮರಿ ಇದೆಯಾ ಅಮ್ಮಾ?"

"ಇದೆ ಡಾಕ್ಟ್ರೇ. ರಾತ್ರಿ ಇವನ ಹೊದಿಕೆಯೊಳಗೇ ಮಲಗೋದು."

ಬೆಕ್ಕು, ನಾಯಿಗಳಿಂದ ಬರುವ ಮೈಕ್ರೋಸ್ಪೋರಂ ಕ್ಯಾನಿಸ್ ಎಂಬ ಹುಳುಕಡ್ಡಿ ಶಿಲೀಂಧ್ರ ಹೀಗೆ ಸಿಕ್ಕಿಬಿದ್ದಿತ್ತು. ಆ ದೀಪದ ಗುಂಗು ನನ್ನನ್ನು ಇನ್ನೂ ಬಿಟ್ಟಿಲ್ಲ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1903ರಲ್ಲಿ ನಿಕ್ಕಲ್ ಆಕ್ಸೈಡ್ ಬೆರೆಸಿದ ಗಾಜಿನಿಂದ ಒಂದು ಶೋಧಕ ಮಾಡಿದರು. ಕಣ್ಣಿಗೆ ಕಾಣುವ ಬೆಳಕನ್ನು ತಡೆದು ನೇರಳಾತೀತ ಕಿರಣಗಳನ್ನಷ್ಟೇ ಬಿಡುವ ಗಾಜು ಅದು; ಆ ದೀಪದ ಮೂಲ ಅದೇ. ರೋಗ ತಗುಲಿದ ಕೂದಲು ಈ ಕಿರಣಕ್ಕೆ ಹೊಳೆಯುತ್ತದೆಂದು ಫ್ರಾನ್ಸಿನ ಮಾರ್ಗಾರೊ ಮತ್ತು ದೆವೇಜ್ 1925ರಲ್ಲಿ ತೋರಿಸಿದರು. ಸಾಲಾಗಿ ನಿಂತ ಮಕ್ಕಳ ತಲೆಯನ್ನು ಸೂಜಿ ಚುಚ್ಚದೆ, ನೋಯಿಸದೆ ಪರೀಕ್ಷಿಸಲು ಇದಕ್ಕಿಂತ ಸುಲಭದ ದಾರಿ ಬೇಕೆ?

ಆದರೂ ದೀಪವೊಂದನ್ನೇ ನಂಬುವಂತಿಲ್ಲ. ನಮ್ಮ ದೇಶದ ಮಕ್ಕಳ ತಲೆಯಲ್ಲಿ ಹೆಚ್ಚಾಗಿ ಕಾಣುವ ಟ್ರೈಕೊಫೈಟಾನ್ ವಯೊಲೇಸಿಯಂ ಹೊಳೆಯುವುದೇ ಇಲ್ಲ. ಅದಕ್ಕೆ ಕೂದಲಿನ ಚೂರು ಕಿತ್ತು ಸೂಕ್ಷ್ಮದರ್ಶಕದಡಿ ನೋಡಲೇಬೇಕು.

ತಲೆಯ ಹುಳುಕಡ್ಡಿಗೆ ಮುಲಾಮು ಮಾತ್ರ ಸಾಲದು. ಸೀಮೆ ಅಗಸೆ ಸೊಪ್ಪಿನ ರಸದ ಮೇಲೆ ನನಗೂ ಪ್ರೀತಿಯಿದೆ, ಆದರೆ ಕೂದಲಿನ ಬುಡದೊಳಗೆ ಕೂತ ಶಿಲೀಂಧ್ರವನ್ನು ಅದು ಮುಟ್ಟಲಾರದು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಈ ರೋಗಕ್ಕಾಗಿ ಮಕ್ಕಳ ತಲೆಗೆ ಎಕ್ಸ್-ರೇ ಹಾಯಿಸಿ ಕೂದಲು ಉದುರಿಸುತ್ತಿದ್ದರು. ಇಸ್ರೇಲಿನಲ್ಲಿ ಹಾಗೆ ಚಿಕಿತ್ಸೆ ಪಡೆದವರಲ್ಲಿ ಮುಂದೆ ಮಿದುಳಿನ ಗಡ್ಡೆ, ಥೈರಾಯ್ಡ್ ಕ್ಯಾನ್ಸರ್ ಹೆಚ್ಚಾಗಿ, 1994ರಲ್ಲಿ ಅಲ್ಲಿ ಪರಿಹಾರದ ಕಾನೂನೇ ಬಂತು. ಆ ಕ್ರೌರ್ಯವನ್ನು ನಿಲ್ಲಿಸಿದ್ದು 1939ರಲ್ಲಿ ಬೂಷ್ಟಿನಿಂದಲೇ ಬೇರ್ಪಡಿಸಿದ ಗ್ರಿಸಿಯೋಫುಲ್ವಿನ್. ನಾನು ನೋಡಿದ ಹುಡುಗನಿಗೂ ಅದನ್ನೇ ಬರೆದರು. ಆರರಿಂದ ಎಂಟು ವಾರ ಬಿಡದೆ ನುಂಗಬೇಕು. ಹಾಲು ಅಥವಾ ತುಪ್ಪದೂಟದ ಜೊತೆ ಕೊಟ್ಟರೆ ಮೈಗೆ ಚೆನ್ನಾಗಿ ಹತ್ತುತ್ತದೆ. ತಲೆ ಬೋಳಿಸುವ ಅಗತ್ಯವಿಲ್ಲ.

ಮೈಮೇಲಿನ ಹುಳುಕಡ್ಡಿಗೆ ಕ್ಲೋಟ್ರಿಮಜೋಲ್‌ನಂಥ ಮುಲಾಮು ಸಾಮಾನ್ಯವಾಗಿ ಸಾಕು. ಉಂಗುರದಂಥ ಕಲೆಯ ಅಂಚಿನಿಂದಾಚೆ ಎರಡು ಸೆಂಟಿಮೀಟರ್‌ವರೆಗೂ ಹಚ್ಚಬೇಕು, ಕಲೆ ಮಾಯವಾದ ಮೇಲೂ ಒಂದೆರಡು ವಾರ ಮುಂದುವರಿಸಬೇಕು. ನನಗೆ ನಿಜಕ್ಕೂ ಸಿಟ್ಟು ಬರುವುದು ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ಕೈಗಿಡುವ ಸ್ಟೀರಾಯ್ಡ್ ಬೆರೆತ ಟ್ಯೂಬಿನ ಮೇಲೆ. ತುರಿಕೆ ಎರಡೇ ದಿನದಲ್ಲಿ ಇಳಿಯುತ್ತದೆ, ಶಿಲೀಂಧ್ರ ಮಾತ್ರ ಸದ್ದಿಲ್ಲದೆ ಹಬ್ಬುತ್ತದೆ. ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ಹೇಳಿದೆ. ಇತ್ತ, 2020ರಲ್ಲಿ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂಬ ಹೆಸರು ಪಡೆದ ಶಿಲೀಂಧ್ರ ಪ್ರಭೇದ ಟರ್ಬಿನಾಫಿನ್ ಔಷಧಕ್ಕೂ ಹಲವೆಡೆ ಬಗ್ಗುತ್ತಿಲ್ಲ.

ವೈದ್ಯರು ಅಂದು ತಾಯಿಗೆ ಹೇಳಿದ್ದರಲ್ಲಿ ಅರ್ಧ ಮಾತು ಮನೆಯ ಬಗ್ಗೆಯೇ ಇತ್ತು. ಇವನ ಅಕ್ಕನ ತಲೆಯನ್ನೂ ತೋರಿಸಿ. ಬಾಚಣಿಗೆ, ಟವೆಲ್, ಟೋಪಿ, ದಿಂಬು ಒಬ್ಬೊಬ್ಬರಿಗೆ ಬೇರೆ ಇಡಿ. ಬಟ್ಟೆಯನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಒಣಹಾಕಿ. ಕ್ಷೌರದಂಗಡಿಯ ಮೆಷಿನ್ ತೊಳೆದಿದೆಯೇ ನೋಡಿ. ಬೆಕ್ಕನ್ನು ಬೀದಿಗೆ ಬಿಡಬೇಡಿ, ಪಶುವೈದ್ಯರ ಬಳಿ ಒಯ್ಯಿರಿ.

ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ: ಔಷಧ ಶುರುವಾದ ಮಗು ಶಾಲೆಗೆ ಬರಬಹುದು, ಅದನ್ನು ಹಿಂದಿನ ಬೆಂಚಿಗೆ ತಳ್ಳಬೇಡಿ. ಅಪ್ಪ ಅಮ್ಮಂದಿರೇ, ಅರ್ಧ ಮುಗಿದ ಆ ಸ್ಟೀರಾಯ್ಡ್ ಟ್ಯೂಬನ್ನು ಇಂದೇ ಎಸೆದು, ಮನೆಯವರನ್ನೆಲ್ಲ ಒಟ್ಟಿಗೆ ವೈದ್ಯರಿಗೆ ತೋರಿಸಿ.