ಅಂಜೂರ ಬಾಡಿತೇ? ನೀರು ಬಿಡುವ ಮೊದಲು ಬುಡ ನೋಡಿ

ತೇರದಾಳ ಭಾಗದ ಎರೆ ಭೂಮಿಯಲ್ಲಿ ಅಂಜೂರ ಹಚ್ಚಿದವರಿಗೆ ಒಂದು ಮಾತು. ಮಣ್ಣು ಹಸಿಯಿದ್ದರೂ ಗಿಡ ಬಾಡುತ್ತಿದ್ದರೆ ಅದಕ್ಕೆ ಬಾಯಾರಿಕೆಯಲ್ಲ. ಬೇರು ಕೊಳೆತು ನೀರು ಹೀರಲಾರದೆ ನಿಂತಿರಬಹುದು. ಅಂಥ ಗಿಡಕ್ಕೆ ಮತ್ತೆ ನೀರು ಬಿಟ್ಟರೆ ರೋಗಕ್ಕೇ ಬಲ ಬರುತ್ತದೆ.

ಬುಡದ ಮಣ್ಣು ಸರಿಸಿ, ಚಾಕುವಿನಿಂದ ತೊಗಟೆಯನ್ನು ತುಸು ಕೆರೆಯಿರಿ. ಒಳಗೆ ಹಸಿರು ಬಿಳುಪಿದ್ದರೆ ಆರೋಗ್ಯ. ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದರೆ ಅದು ಬುಡ ಕೊಳೆ. ಚಳಿಗಾಲದಲ್ಲಿ ಎಲೆ ಉದುರಿತೆಂದು ಮಾತ್ರ ಹೆದರಬೇಡಿ, ಅದು ಅಂಜೂರದ ಸ್ವಭಾವ. ಬೇರಿನಲ್ಲಿ ಗಂಟುಗಳಿದ್ದರೆ ಅದು ಜಂತುಹುಳುವಿನ ಕಾಟ. ಅದರ ಚಿಕಿತ್ಸೆ ಬೇರೆ.

ಬುಡ ಕೊಳೆಗೆ ಒಂದು ಮುಖ್ಯ ಕಾರಣ ಫೈಟೊಫ್ತೊರಾ ಎಂಬ, ಶಿಲೀಂಧ್ರವನ್ನು ಹೋಲುವ ಸೂಕ್ಷ್ಮಜೀವಿ. ಅರಿಶಿನದ ಗಡ್ಡೆ ಕೊಳೆಸುವ ಪಿತಿಯಂ ಇದರ ದಾಯಾದಿ. ಎರಡಕ್ಕೂ ನಿಂತ ನೀರೇ ದಾರಿ: ಇವುಗಳ ಬೀಜಕಣಗಳು ಮಣ್ಣಿನ ನೀರಿನಲ್ಲಿ ಈಜಿ ಬೇರು ತಲುಪುತ್ತವೆ. ಕಬ್ಬಿಗೆ ಹಾಯಿಸಿದಂತೆ ಅಂಜೂರಕ್ಕೂ ನೀರು ಹಾಯಿಸಿದರೆ ಎರೆ ಮಣ್ಣು ಅದನ್ನು ಬೇಗ ಬಿಡುವುದಿಲ್ಲ. ಅಲ್ಲೇ ತೊಂದರೆ ಶುರು.

ಆದ್ದರಿಂದ ಔಷಧಕ್ಕಿಂತ ಮೊದಲು ನೀರು ಬಸಿಯಬೇಕು. ಸಾಲಿನ ಪಕ್ಕ ಬಸಿಗಾಲುವೆ ತೋಡಿ. ಹೊಸ ತೋಟವಾದರೆ ಎತ್ತರದ ಮಡಿಯ ಮೇಲೆ ಹಚ್ಚಿ. ಹನಿ ನೀರಾವರಿಯ ನೀರು ಕಾಂಡಕ್ಕೆ ತಾಗದಂತೆ ಅದರ ತೂತನ್ನು ದೂರವಿಡಿ. ಬುಡಕ್ಕೆ ಗೊಬ್ಬರ, ಮಣ್ಣು ಏರಿಸಬೇಡಿ.

ಕೊಳೆತ ತೊಗಟೆಯನ್ನು ಕೆತ್ತಿ ತೆಗೆದು ಬೋರ್ಡೊ ಮುಲಾಮು ಬಳಿಯಿರಿ. 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ, 10 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಕೂಡಿಸಿ. ಕಬ್ಬಿಣದ ಪಾತ್ರೆ ಬೇಡ. ಬೇರಿಗೆ ಕಾಪರ್ ಆಕ್ಸಿಕ್ಲೋರೈಡ್, ಅಂದರೆ ತಾಮ್ರಯುಕ್ತ ಔಷಧದ ಪುಡಿ, ಲೀಟರಿಗೆ 3 ಗ್ರಾಂ ಕಲಸಿ ಸುರಿಯಬಹುದು. ಎರಡು ವಾರ ಬಿಟ್ಟು, ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಬೆರೆಸಿದ ತಿಪ್ಪೆಗೊಬ್ಬರ ಕೊಡಿ. ತಾಮ್ರದ ಜೊತೆಗೇ ಕೊಟ್ಟರೆ ಆ ಉಪಕಾರಿ ಶಿಲೀಂಧ್ರ ಸಾಯಬಹುದು.

ಮುಲಾಮಿಗೆ ಖರ್ಚು ಅಲ್ಪ. ಕಾಲುವೆ ತೋಡುವ ಕೂಲಿಯೇ ಹೆಚ್ಚು, ಆದರೆ ಅದಕ್ಕೆ ಕೈ ಬಿಗಿ ಹಿಡಿಯಬೇಡಿ. ಬುಡದ ಸುತ್ತಲೂ ಕೊಳೆತ ಗಿಡ ಉಳಿಯುವುದಿಲ್ಲ. ಬೇರುಸಹಿತ ಕಿತ್ತು ಸುಡಿ.

ರೋಗ ಯಾವುದೆಂದು ಖಚಿತವಾಗದಿದ್ದರೆ ಅಂಗಡಿಯವರ ಮಾತಿಗೆ ಔಷಧ ತರಬೇಡಿ. ಬೇರಿನ ತುಣುಕು, ಬುಡದ ಮಣ್ಣು ಹಿಡಿದು ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗಿ ತೋರಿಸಿ. ಮಳೆಗಾಲ ಹಿಡಿಯುವ ಮೊದಲೇ ಹೋಗಿ.