ಮರಳಿ ಬಂದ ನೆನಪು: ಎಷ್ಟು ನಿಜ, ಎಷ್ಟು ಕಲ್ಪನೆ?

ನೆನಪನ್ನು ನಾವು ಸಾಮಾನ್ಯವಾಗಿ ಮನೆಯ ಉಗ್ರಾಣದಂತೆ ಭಾವಿಸುತ್ತೇವೆ. ಒಳಗಿಟ್ಟ ಪಾತ್ರೆಗೆ ಧೂಳು ಹಿಡಿಯಬಹುದು, ಅದು ಮೂಲೆ ಸೇರಬಹುದು. ಆದರೆ ದೀಪ ಹಿಡಿದು ಹುಡುಕಿದರೆ ಇಟ್ಟಂತೆಯೇ ಸಿಕ್ಕೀತು ಎಂಬುದು ನಮ್ಮ ನಂಬಿಕೆ. ಈ ನಂಬಿಕೆಯ ಮೇಲೆಯೇ ಒಂದು ಚಿಕಿತ್ಸಾಪದ್ಧತಿ ಎದ್ದು ನಿಂತಿತು. ೧೯೮೦ರ ಮತ್ತು ೧೯೯೦ರ ದಶಕಗಳಲ್ಲಿ ಅದು ಅಮೆರಿಕದಲ್ಲಿ ಬಹಳವಾಗಿ ಹಬ್ಬಿ, ಅನೇಕ ಸಂಸಾರಗಳನ್ನು ಒಡೆದು, ನ್ಯಾಯಾಲಯಗಳ ಮೆಟ್ಟಿಲನ್ನೂ ಹತ್ತಿತು. ಅದರ ತತ್ತ್ವವೇನು, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಇಲ್ಲಿ ಸ್ಥೂಲವಾಗಿ ವಿವೇಚಿಸೋಣ.

ಇದರ ಬೇರು ಹಳೆಯದು. ಬಾಲ್ಯದಲ್ಲಿ ನಡೆದ ಲೈಂಗಿಕ ಆಘಾತವನ್ನು ಮನಸ್ಸು ಅದುಮಿಡುತ್ತದೆ, ಅದೇ ಮುಂದೆ ಹಿಸ್ಟೀರಿಯಾ ರೋಗವಾಗಿ ತಲೆದೋರುತ್ತದೆ ಎಂದು ವಿಯೆನ್ನಾದ ವೈದ್ಯ ಸಿಗ್ಮಂಡ್ ಫ್ರಾಯ್ಡ್ ೧೮೯೬ರಲ್ಲಿ ಸಾರಿದನು. ಮರುವರ್ಷವೇ ಸ್ನೇಹಿತನೊಬ್ಬನಿಗೆ ಬರೆದ ಪತ್ರದಲ್ಲಿ ಆ ವಾದದಲ್ಲಿ ತನಗೆ ನಂಬಿಕೆ ಉಳಿದಿಲ್ಲವೆಂದು ತಿಳಿಸಿದನು. ಗುರು ಕೈಬಿಟ್ಟ ವಾದವನ್ನು ಸುಮಾರು ತೊಂಬತ್ತು ವರ್ಷಗಳ ಅನಂತರ ಕೆಲವು ಚಿಕಿತ್ಸಕರು ಮತ್ತೆ ಎತ್ತಿಕೊಂಡರು. ನಿದ್ರೆ ಬಾರದೆಂದೋ, ಊಟ ಸೇರದೆಂದೋ, ಮನಸ್ಸಿಗೆ ನೆಮ್ಮದಿಯಿಲ್ಲವೆಂದೋ ಬಂದವರಿಗೆ, "ಬಾಲ್ಯದಲ್ಲಿ ನಿಮಗೆ ಏನೋ ಆಗಿರಬೇಕು; ನೆನಪಿಲ್ಲದಿರುವುದೇ ಅದಕ್ಕೆ ಗುರುತು" ಎಂದು ಹೇಳಿದರು. ಬಳಿಕ ಸಮ್ಮೋಹನ, ಸ್ವಪ್ನಾರ್ಥ, ಸೋಡಿಯಂ ಅಮಿಟಾಲ್ ಎಂಬ ಔಷಧ, ಕಣ್ಣು ಮುಚ್ಚಿಸಿ ಚಿತ್ರವನ್ನು ಕಲ್ಪಿಸಿಕೊಳ್ಳುವ ಅಭ್ಯಾಸ ಮುಂತಾದುವುಗಳಿಂದ ಆ 'ಮರೆತ' ಘಟನೆಯನ್ನು ಹೊರತೆಗೆಯಲು ಯತ್ನಿಸಿದರು.

ಇಲ್ಲಿಯ ತೊಡಕು ಏನೆಂದರೆ, ನೆನಪು ಉಗ್ರಾಣವೇ ಅಲ್ಲ. ಕೇಂಬ್ರಿಜ್ಜಿನ ಬಾರ್ಟ್ಲೆಟ್ ಎಂಬ ಮನಶ್ಶಾಸ್ತ್ರಜ್ಞನು ೧೯೩೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ತೋರಿಸಿದ್ದಾನೆ. ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಕಥೆಯನ್ನು ಆಂಗ್ಲ ಓದುಗರಿಂದ ಓದಿಸಿ, ಬಳಿಕ ನೆನಪಿನಿಂದ ಹೇಳಿಸಿದಾಗ, ಅವರು ತಮಗೆ ಅಪರಿಚಿತವಾದುದನ್ನು ಬಿಟ್ಟು, ಪರಿಚಿತವಾದುದನ್ನು ಸೇರಿಸಿ ಹೇಳಿದರು. ಸೀಲ್ ಎಂಬ ಕಡಲಪ್ರಾಣಿಯ ಬೇಟೆ ಮೀನುಗಾರಿಕೆಯಾಯಿತು. ಎಂದರೆ ನಾವು ನೆನಪನ್ನು ಎತ್ತಿ ತರುವುದಿಲ್ಲ. ಪ್ರತಿಸಲವೂ ಅದನ್ನು ಹೊಸದಾಗಿ ಕಟ್ಟುತ್ತೇವೆ.

ಕಟ್ಟುವಾಗ ಬೇರೆಯವರ ಇಟ್ಟಿಗೆಯೂ ಸೇರಬಹುದು. ೧೯೭೪ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬವರು ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರವನ್ನು ತೋರಿಸಿ, ಕೆಲವರನ್ನು "ಕಾರುಗಳು ತಾಗಿದಾಗ ವೇಗ ಎಷ್ಟಿತ್ತು?" ಎಂದೂ ಕೆಲವರನ್ನು "ಅಪ್ಪಳಿಸಿದಾಗ ಎಷ್ಟಿತ್ತು?" ಎಂದೂ ಕೇಳಿದರು. ಒಂದು ವಾರದ ಬಳಿಕ, ಒಡೆದ ಗಾಜನ್ನು ಕಂಡಿರಾ ಎಂದು ಪ್ರಶ್ನಿಸಿದರು. ಚಿತ್ರದಲ್ಲಿ ಗಾಜು ಒಡೆದೇ ಇರಲಿಲ್ಲ. ಆದರೂ 'ಅಪ್ಪಳಿಸಿದ' ಎಂಬ ಮಾತು ಕೇಳಿದ್ದ ೫೦ ಮಂದಿಯಲ್ಲಿ ೧೬ ಮಂದಿ ಕಂಡೆವೆಂದರು. 'ತಾಗಿದ' ಎಂಬ ಮಾತು ಕೇಳಿದ್ದ ೫೦ ಮಂದಿಯಲ್ಲಿ ಹಾಗೆಂದವರು ಏಳೇ ಮಂದಿ. ಒಂದು ಕ್ರಿಯಾಪದವೇ ಇಷ್ಟು ಮಾಡಿತು!

೧೯೯೫ರಲ್ಲಿ ಲಾಫ್ಟಸ್ ಮತ್ತು ಪಿಕ್ರೆಲ್ ಇನ್ನೂ ಮುಂದೆ ಹೋದರು. ಇಪ್ಪತ್ತನಾಲ್ಕು ಮಂದಿಗೆ ಅವರ ಬಾಲ್ಯದ ಮೂರು ನಿಜ ಪ್ರಸಂಗಗಳೊಡನೆ, ಅಂಗಡಿಗಳ ಸಂಕೀರ್ಣದಲ್ಲಿ ತಪ್ಪಿಸಿಕೊಂಡು ಅತ್ತರೆಂಬ ಕಟ್ಟುಕಥೆಯೊಂದನ್ನೂ ಸೇರಿಸಿ ಕೊಟ್ಟರು. ಸುಮಾರು ಕಾಲುಭಾಗ ಮಂದಿ ಅದು ಪೂರ್ತಿಯಾಗಿಯೋ ಭಾಗಶಃವೋ ತಮಗೆ ನೆನಪಿದೆಯೆಂದರು. ಇವರು ಯಾರೂ ಸುಳ್ಳುಗಾರರಲ್ಲ. ಸುಳ್ಳು ಹೇಳುವವನಿಗೆ ತಾನು ಹೇಳುತ್ತಿರುವುದು ಸುಳ್ಳೆಂಬ ಅರಿವಿರುತ್ತದೆ. ಮಿಥ್ಯಾಸ್ಮೃತಿಯುಳ್ಳವನಿಗೆ ಆ ಅರಿವೂ ಇರುವುದಿಲ್ಲ. ಆದುದರಿಂದಲೇ ಅವನ ಕಣ್ಣೀರು ನಿಜ, ನಡುಕ ನಿಜ. ಘಟನೆ ಮಾತ್ರ ನಿಜವಲ್ಲದಿರಬಹುದು.

ಇದರ ಫಲವನ್ನು ನೋಡೋಣ. ೧೯೬೯ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಎಂಟು ವರ್ಷದ ಬಾಲಕಿಯೊಬ್ಬಳ ಕೊಲೆಯಾಯಿತು. ಇಪ್ಪತ್ತು ವರ್ಷಗಳ ಮೇಲೆ, ತನ್ನ ತಂದೆ ಜಾರ್ಜ್ ಫ್ರಾಂಕ್ಲಿನ್ ಆ ಕೊಲೆ ಮಾಡಿದುದು ನೆನಪಿಗೆ ಬಂದಿತೆಂದು ಮಗಳು ಹೇಳಿದಳು. ಮುಖ್ಯವಾಗಿ ಆ ನೆನಪನ್ನೇ ನಂಬಿ ೧೯೯೦ರಲ್ಲಿ ಅವನನ್ನು ಅಪರಾಧಿಯೆಂದು ತೀರ್ಮಾನಿಸಲಾಯಿತು. ಆಕೆ ಹೇಳಿದ ವಿವರಗಳು ಹಳೆಯ ವೃತ್ತಪತ್ರಿಕೆಗಳಲ್ಲಿ ಅಚ್ಚಾಗಿದ್ದುವೆಂಬುದನ್ನು ಜ್ಯೂರಿಯ ಮುಂದಿಡಲು ಅವಕಾಶ ದೊರೆತಿರಲಿಲ್ಲ. ೧೯೯೫ರಲ್ಲಿ ತೀರ್ಪು ರದ್ದಾಗಿ, ಮರುವರ್ಷ ಅವನ ಬಿಡುಗಡೆಯಾಯಿತು. ಅಷ್ಟರಲ್ಲಿ ಆರು ವರ್ಷಕ್ಕೂ ಮಿಗಿಲಾದ ಸೆರೆವಾಸ ಕಳೆದಿತ್ತು.

ಹಾಗಾದರೆ ಮರಳಿ ಬಂದ ನೆನಪೆಲ್ಲ ಸುಳ್ಳೆ? ಹಾಗೆ ಭಾವಿಸುವುದು ಇನ್ನೊಂದು ಅನ್ಯಾಯವಾದೀತು. ಮಕ್ಕಳ ಮೇಲಿನ ಅತ್ಯಾಚಾರ ನಿಜವಾಗಿ ನಡೆಯುತ್ತದೆ. ಅನುಭವಿಸಿದವರಲ್ಲಿ ಹೆಚ್ಚಿನವರು ಅದನ್ನು ಪೂರ್ತಿ ಮರೆಯುವುದೂ ಇಲ್ಲ. ಕೆಲವರು ಬಹುಕಾಲ ಅದನ್ನು ನೆನೆಯದೆ ಇದ್ದು, ಮುಂದೆ ಒಂದು ದಿನ ತಾವಾಗಿಯೇ ನೆನೆಯುವುದುಂಟು. ೨೦೦೭ರಲ್ಲಿ ಪ್ರಕಟವಾದ ಗೆರಾರ್ಟ್ಸ್ ಮತ್ತು ಸಂಗಡಿಗರ ಸಂಶೋಧನೆ ಇಲ್ಲಿ ಬಹಳ ಬೆಲೆಯುಳ್ಳದ್ದು. ಎಂದೂ ಮರೆಯದಿದ್ದ ನೆನಪುಗಳಲ್ಲಿ ನೂರಕ್ಕೆ ೪೫ಕ್ಕೆ ಹೊರಗಿನ ಪುರಾವೆ ದೊರೆಯಿತು. ಚಿಕಿತ್ಸೆಯ ಹೊರಗೆ ತಾನಾಗಿ ಮರಳಿದುವಲ್ಲಿ ನೂರಕ್ಕೆ ೩೭ಕ್ಕೆ ದೊರೆಯಿತು. ಚಿಕಿತ್ಸೆಯ ಕಾಲದಲ್ಲಿ ಹೊರಬಂದುವಲ್ಲಿ ಒಂದಕ್ಕೂ ದೊರೆಯಲಿಲ್ಲ. ಆದುದರಿಂದ ನಾವು ಸಂದೇಹಿಸಬೇಕಾದುದು ನೊಂದವರನ್ನಲ್ಲ. ನೆನಪನ್ನು ಅಗೆದು ತೆಗೆಯುವ ಆ ವಿಧಾನವನ್ನು. ಬ್ರಿಟನ್ನಿನ ಮನೋವೈದ್ಯರ ರಾಯಲ್ ಕಾಲೇಜು ೧೯೯೭ರಲ್ಲಿ ತನ್ನ ಸದಸ್ಯರಿಗೆ, ಇಂಥ ವಿಧಾನಗಳಿಂದ ದೂರವಿರಿ ಎಂದೇ ಸಲಹೆಯಿತ್ತಿತು.

ನಮ್ಮ ನಾಡಿಗೂ ಇದರ ನೆಂಟು ಉಂಟು. ಔಷಧದ ಮಂಪರಿನಲ್ಲಿ ಮನುಷ್ಯನು ನಿಜವನ್ನೇ ನುಡಿಯುತ್ತಾನೆಂಬ ನಂಬಿಕೆಯಿಂದ, ಅಪರಾಧ ತನಿಖೆಯಲ್ಲಿ ನಾರ್ಕೋ ಪರೀಕ್ಷೆಯನ್ನು ಬಳಸುವ ರೂಢಿ ಬೆಳೆದಿತ್ತು. ಬೆಂಗಳೂರು ಅದಕ್ಕೆ ಹೆಸರಾಗಿತ್ತು. 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೧೦ರ ಮೇ ೫ರಂದು, ಒಪ್ಪಿಗೆಯಿಲ್ಲದೆ ಯಾರ ಮೇಲೂ ಇಂಥ ಪರೀಕ್ಷೆ ನಡೆಸಕೂಡದೆಂದು ತೀರ್ಪಿತ್ತಿತು. ಮಂಪರಿನ ಮಾತು ನಂಬಲರ್ಹವೆಂಬ ಭರವಸೆ ಇಲ್ಲವೆಂಬುದನ್ನೂ ಗಮನಿಸಿತು.

ನಮ್ಮ ನೈಯಾಯಿಕರು ಜ್ಞಾನವನ್ನು ಸ್ಮೃತಿ, ಅನುಭವ ಎಂದು ಎರಡಾಗಿ ವಿಂಗಡಿಸಿ, ಪ್ರಮೆಯ ಪಟ್ಟವನ್ನು ಯಥಾರ್ಥವಾದ ಅನುಭವಕ್ಕೆ ಮಾತ್ರ ಕಟ್ಟಿದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬುದು ನಮ್ಮ ಹಳ್ಳಿಗರ ಗಾದೆ. ಕಣ್ಣಿಗೇ ಇಷ್ಟು ಎಚ್ಚರಿಕೆ ಬೇಕಾದರೆ, ಹಲವು ವರ್ಷಗಳ ಹಿಂದಿನ ನೆನಪಿಗೆ ಎಷ್ಟು ಬೇಡ! ನೊಂದವರು ತಾವಾಗಿ ಹೇಳಿಕೊಂಡಾಗ ಕಿವಿಗೊಟ್ಟು, ಮರುಕದಿಂದ ಕೇಳಬೇಕು. ಅವರ ಬಾಯಿಗೆ ನಮ್ಮ ಮಾತನ್ನು ತುರುಕಬಾರದು. ಯಾರನ್ನಾದರೂ ಅಪರಾಧಿಯೆನ್ನುವ ಮುನ್ನ, ನೆನಪಿನ ಜೊತೆಗೆ ನಿಲ್ಲಬಲ್ಲ ಬೇರೊಂದು ಸಾಕ್ಷಿಯನ್ನು ಹುಡುಕಬೇಕು. ನೊಂದವರಿಗೂ ನಿರಪರಾಧಿಗೂ ಒಟ್ಟಿಗೆ ನ್ಯಾಯ ದೊರಕಿಸುವ ದಾರಿ ಇದೊಂದೇ.