ಬೋರಿಗೆ ನೀರು ಅದಾವು, ಆದರೆ ಏಪ್ರಿಲ್‌ಗೆ ಎಷ್ಟು? ಹೊಲದ ಲೆಕ್ಕಕ್ಕೆ ಹತ್ತನೇ ತರಗತಿಯ ಗಣಿತ

ಜನವರಿ ಬಂತೆಂದರೆ ಇಂಡಿ ಕಡೆಯಿಂದ ನನಗೆ ಬರುವ ಫೋನ್‌ಗಳಲ್ಲಿ ಪ್ರಶ್ನೆ ಹೆಚ್ಚೂಕಡಿಮೆ ಒಂದೇ: "ಅಣ್ಣಾರ, ಎರಡು ಎಕರೆ ಲಿಂಬಿ ಐತಿ, ಬಾಜೂಕ ಹೊಲ ಖಾಲಿ ಬಿದ್ದೈತಿ. ಬೋರಿಗೆ ನೀರು ಚಲೋ ಅದಾವು. ಉಳ್ಳಾಗಡ್ಡಿ ಹಚ್ಚಲೇನು?"

ಹಚ್ಚಿ ಅಂತಲೂ ಹೇಳಲ್ಲ, ಬ್ಯಾಡ ಅಂತಲೂ ಹೇಳಲ್ಲ. ಮೊದಲು 200 ಲೀಟರಿನ ಡ್ರಮ್ ಇಟ್ಟು, ಮೊಬೈಲಿನ ಸ್ಟಾಪ್‌ವಾಚ್ ಹಚ್ಚಿ ಅಂತೀನಿ. ದೋಣಿ, ರೈಲು, ಅಪ್ಪ-ಮಗನ ವಯಸ್ಸು ಅಂತ ಶಾಲೆಯಲ್ಲಿ ಬಿಡಿಸಿದ ಲೆಕ್ಕ ನಿಜವಾಗಿ ಬೇಕಾಗುವುದು ಇಲ್ಲೇ. (12ನೇ ಶತಮಾನದ ರಾಜಾದಿತ್ಯ ಕನ್ನಡದಲ್ಲಿ ಬರೆದ ಗಣಿತ ಗ್ರಂಥದ ಹೆಸರೇ 'ವ್ಯವಹಾರಗಣಿತ'.)

ಡ್ರಮ್ 4 ನಿಮಿಷಕ್ಕೆ ತುಂಬಿತು ಅನ್ನಿ. ಗಂಟೆಗೆ 3,000 ಲೀಟರ್. ತ್ರೀಫೇಸ್ ಕರೆಂಟ್ 7 ಗಂಟೆ ಸಿಕ್ಕರೆ ದಿನಕ್ಕೆ 21,000 ಲೀಟರ್. ಇದು ಇರುವ ನೀರು.

ಈಗ ಬೇಕಾದ ನೀರು. 20 ಅಡಿಗೊಂದರಂತೆ ನೆಟ್ಟರೆ ಎಕರೆಗೆ 108 ಲಿಂಬೆ ಗಿಡ. ಬೆಳೆದ ಗಿಡಕ್ಕೆ ಡ್ರಿಪ್‌ನಲ್ಲಿ ದಿನಕ್ಕೆ 60 ಲೀಟರ್ ಹಿಡಿದರೆ ಎಕರೆಗೆ ಸುಮಾರು 6,500. ಒಂದು ಎಕರೆ ಮೇಲೆ ಒಂದು ಮಿ.ಮೀ. ನೀರೆಂದರೆ 4,000 ಲೀಟರಿಗಿಂತ ತುಸು ಹೆಚ್ಚು; ಉಳ್ಳಾಗಡ್ಡಿಗೆ ದಿನಕ್ಕೆ 5 ಮಿ.ಮೀ. ಎಂದರೆ ಎಕರೆಗೆ 20,000. ಮನೆಗೆ, ದನಕ್ಕೆ 500. ಎಕ್ಸ್, ವೈ ಬದಲು ಲಿಂಬೆಯ ಎಕರೆಗೆ 'ಲಿ', ಉಳ್ಳಾಗಡ್ಡಿಗೆ 'ಉ' ಅಂತ ಇಟ್ಟುಕೊಳ್ಳೋಣ:

6,500 ಲಿ + 20,000 ಉ + 500 ≤ 21,000

ಸಮೀಕರಣದಲ್ಲಿ ಎರಡೂ ಕಡೆ ಸಮ ಇರಬೇಕು. ಇದು ಅಸಮತೆ, ಎಡಗಡೆಯ ಬೇಡಿಕೆ ಬಲಗಡೆಯ ನೀರನ್ನು ದಾಟಬಾರದು, ಅಷ್ಟೇ. ಲಿ = 2 ಹಾಕಿದರೆ ಉಳಿಯುವುದು 7,500 ಲೀಟರ್, ಅಂದರೆ 15 ಗುಂಟೆ ಉಳ್ಳಾಗಡ್ಡಿ. ಹಚ್ಚಬಹುದು ಅನ್ನಿಸುತ್ತದೆ.

ಇಲ್ಲೇ ಬಹಳ ಮಂದಿ ಸಿಕ್ಕಿಬೀಳುತ್ತಾರೆ. ಜನವರಿಯಲ್ಲಿ ಹಚ್ಚಿದ ಉಳ್ಳಾಗಡ್ಡಿ ಏಪ್ರಿಲ್‌ವರೆಗೂ ನೀರು ಕೇಳುತ್ತದೆ. ಈ ಅಸಮತೆ ಹಚ್ಚಿದ ದಿನ ಒಪ್ಪಿದರೆ ಸಾಲದು, ಪ್ರತಿ ತಿಂಗಳೂ ಒಪ್ಪಬೇಕು. ಏಪ್ರಿಲ್‌ನಲ್ಲಿ ಅದೇ ಡ್ರಮ್ ತುಂಬಲು 8 ನಿಮಿಷ ಹಿಡಿದರೆ ಬಲಗಡೆ 10,500 ಆಗುತ್ತದೆ. ಉಳ್ಳಾಗಡ್ಡಿ ಸೊನ್ನೆ ಮಾಡಿದರೂ ಲಿ ≤ 1.54. ಎರಡು ಎಕರೆ ಲಿಂಬೆಗೇ ದಿನಕ್ಕೆ 3,000 ಲೀಟರ್ ಕೊರತೆ! ಹೋದ ಬೇಸಿಗೆಯ ಡ್ರಮ್ ಲೆಕ್ಕ ಬರೆದಿಟ್ಟವರು ಇದನ್ನು ಜನವರಿಯಲ್ಲೇ ಕಾಣುತ್ತಾರೆ.

ಕೊರತೆ ತುಂಬಲು ಟ್ಯಾಂಕರ್. 60 ದಿನಕ್ಕೆ 1,80,000 ಲೀಟರ್, 5,000 ಲೀಟರಿನ 36 ಟ್ಯಾಂಕರ್. ಒಂದಕ್ಕೆ ₹800 ಹಿಡಿದರೆ (ನಿಮ್ಮೂರಿನ ದರ ಹಾಕಿಕೊಳ್ಳಿ) ₹28,800. ಬಿಡಿಸುವ ಕೂಲಿ, ಚೀಲ, ಗಾಡಿ ಬಾಡಿಗೆ, ದಲಾಲಿ ಕಳೆದು ಸಾವಿರ ಕಾಯಿಗೆ ₹500 ಕೈಗೆ ಉಳಿದರೆ, 500 ಕ = 28,800; ಕ = 57.6, ಅಂದರೆ 58 ಸಾವಿರ ಕಾಯಿ. 216 ಗಿಡಕ್ಕೆ ಹಂಚಿದರೆ ಗಿಡಕ್ಕೆ ಸುಮಾರು 270. ಟ್ಯಾಂಕರ್ ನೀರಿನಿಂದ ಅಷ್ಟು ಕಾಯಿ ಹೆಚ್ಚು ನಿಂತರೆ ಖರ್ಚು ಹುಟ್ಟಿತು. ಕಾಯಿ ಕಡಿಮೆಯಾದರೂ ಗಿಡ ಉಳಿಸಿಕೊಳ್ಳುವುದೇ ವಾಸಿ ಅನ್ನುವುದು ನನ್ನ ಅಭಿಪ್ರಾಯ, ಹೊಸ ಸಸಿ ಫಲ ಕೊಡಲು ವರ್ಷಗಟ್ಟಲೆ ಕಾಯಬೇಕು.

ಆದರೆ ಬಲಗಡೆ ನೀರು ಸುರಿಯುವ ಮೊದಲು ಎಡಗಡೆಯ ಅಂಕಿ ನೋಡಿ. ನಮ್ಮ ತೋಟದಲ್ಲಿ ಕಬ್ಬಿನ ರವದಿ, ತೊಗರಿ ಹೊಟ್ಟು ದಪ್ಪಗೆ ಹಾಸಿದ ಸಾಲುಗಳು 60ರ ಬದಲು 50 ಲೀಟರಿಗೇ ಬಾಡದೆ ನಿಂತವು. (ಕಾಂಡದಿಂದ ಒಂದು ಅಡಿ ಬಿಟ್ಟು ಹಾಸಿ, ಇಲ್ಲವಾದರೆ ಬುಡ ಕೊಳೆಯುತ್ತದೆ.) ಆಗ ಎರಡು ಎಕರೆಗೆ 10,800 ಸಾಕು, ಕೊರತೆ 3,000ದಿಂದ 800ಕ್ಕೆ ಇಳಿಯುತ್ತದೆ. ಟ್ಯಾಂಕರ್ 9.6, ಅಂದರೆ 10, ಅರ್ಧ ಟ್ಯಾಂಕರ್ ಯಾರೂ ತರಲ್ಲ. 26 ಟ್ಯಾಂಕರ್, ₹20,800 ಉಳಿಯಿತು. ಗಿಡಕ್ಕೆ ಬರೀ 10 ಲೀಟರ್ ಇಳಿದದ್ದು!

ಬಸವನ ಬಾಗೇವಾಡಿ ಕಡೆ ಆಲಮಟ್ಟಿ ಕಾಲುವೆ ನಂಬಿದವರು ಲೀಟರಿನ ಜಾಗದಲ್ಲಿ ನೀರು ಬಿಡುವ ದಿನಗಳನ್ನು ಇಟ್ಟು ಇದೇ ಲೆಕ್ಕ ಮಾಡಬಹುದು. ಬೆಳೆಯ ಅವಧಿ ಕಾಲುವೆ ನಿಲ್ಲುವ ದಿನಾಂಕ ದಾಟಬಾರದು.

ಸಿಂದಗಿ, ಮುದ್ದೇಬಿಹಾಳದ ಒಣಬೇಸಾಯದವರ ಲೆಕ್ಕ ಬೇರೆ. ತೊಗರಿಗೆ ಹೊಲ ಹಿಡಿಯುವುದು ಲಾವಣಿಗೋ, ಪಾಲಿಗೋ? ಎಕರೆಗೆ ಲಾವಣಿ ₹12,000, ಖರ್ಚು ₹10,000 ಅನ್ನಿ. ಪಾಲಿನಲ್ಲಿ ಖರ್ಚೂ ಅರ್ಧ, ಫಸಲೂ ಅರ್ಧ. 2025–26ರ ಬೆಂಬಲ ಬೆಲೆ ಕ್ವಿಂಟಲಿಗೆ ₹8,000. ಇಳುವರಿ 'ಇ' ಕ್ವಿಂಟಲ್ ಆದರೆ ಎರಡೂ ಸಮ ಆಗುವುದು ಹೀಗೆ:

8,000 ಇ − 10,000 − 12,000 = (8,000 ಇ − 10,000) ÷ 2

ಬಿಡಿಸಿದರೆ 8,000 ಇ = 34,000; ಇ = 4.25. ಎಕರೆಗೆ ಅದಕ್ಕಿಂತ ಹೆಚ್ಚು ಬೆಳೆಯುವ ಭರವಸೆ ಇದ್ದರೆ ಲಾವಣಿ, ಇಲ್ಲವಾದರೆ ಪಾಲು. ಪೇಟೆಯಲ್ಲಿ ₹6,500 ಅಷ್ಟೇ ಸಿಕ್ಕರೆ ಈ ಗಡಿ 5.23ಕ್ಕೆ ಏರುತ್ತದೆ, ಮಳೆ ಕೈಕೊಟ್ಟ ವರ್ಷ ಒಣಹೊಲದಲ್ಲಿ ಅಷ್ಟು ಬರುವುದು ಕಷ್ಟ. ಹೊಲದ ಗೌಡರ ಜೊತೆ ಕೂತು ₹9,000ಕ್ಕೆ ಒಪ್ಪಿಸಿದರೆ ಬೆಂಬಲ ಬೆಲೆಯಲ್ಲಿ ಗಡಿ ಮೂರೂವರೆ ಕ್ವಿಂಟಲಿಗೆ ಇಳಿಯುತ್ತದೆ. ಯುಗಾದಿಗೆ ಲಾವಣಿ ಮಾತಾಡಲು ಹೋಗುವಾಗ ಈ ಮೂರು ಅಂಕಿ ಮೊಬೈಲಿನಲ್ಲಿ ಬರೆದುಕೊಂಡೇ ಹೋಗಿ.